ಬೇಡುವವನ ಬೆವರು

ಪರೋಪಕಾರಾರ್ಥವಾಗಿ ದ್ರವ್ಯಸಂಗ್ರಹ ಮಾಡುವುದು ನಮ್ಮ ನಾಡಿಗೆ ಹೊಸ ಸಂಗತಿಯೇನೂ ಅಲ್ಲ. ಪ್ರಸಾದನಿಲಯದ ಬಡ ವಿದ್ಯಾರ್ಥಿಗಳ ಎರಡು ಹೊತ್ತಿನ ಊಟಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದ ಸ್ವಾಮಿಗಳನ್ನು ನಮ್ಮ ಬಯಲುಸೀಮೆ ಬಲ್ಲುದು. ಶಾಲೆಯ ಮಾಡಿಗೆ ಹೆಂಚು ಹೊದಿಸುವುದಕ್ಕೋ, ಮುಪ್ಪಿನಲ್ಲಿ ಕಾಯಿಲೆ ಬಿದ್ದ ಕಲಾವಿದನ ಔಷಧೋಪಚಾರಕ್ಕೋ ಸಹಾಯಾರ್ಥ ಪ್ರದರ್ಶನವೆಂದು ಸಾರಿ, ಟಿಕೇಟು ಮಾರಿ, ಬೆಳಕು ಹರಿಯುವ ತನಕ ಆಟವಾಡಿಸಿದ ಕರಾವಳಿಯ ಊರುಗಳಿಗೂ, ಒಂದು ರಾತ್ರಿಯ ಕಲೆಕ್ಷನ್ನನ್ನು ಊರಿನ ಆಸ್ಪತ್ರೆಗೆಂದು ಬಿಟ್ಟುಕೊಟ್ಟ ನಾಟಕ ಕಂಪನಿಗಳಿಗೂ ಇದು ಪರಿಚಿತವಾದ ಮಾತೇ. ಆದರೆ ಕಳೆದ ನಾಲ್ಕೈದು ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಬಲವಾಗಿ ಬೇರೂರಿ, ಈಚೆಗೆ ಬೆಂಗಳೂರಿಗೂ ಕಾಲಿಟ್ಟಿರುವ ಮತ್ತೊಂದು ಪದ್ಧತಿಯುಂಟು. ಅದರಲ್ಲಿ ಹಣ ಕೇಳುವವನು ತಾನೇ ಮೊದಲು ಮೈ ದಂಡಿಸುತ್ತಾನೆ. ನೂರಾರು ಕಿಲೋಮೀಟರ್ ಸೈಕಲ್ ತುಳಿಯುತ್ತಾನೆ, ಅಥವಾ ಓಡುತ್ತಾನೆ, ಅಥವಾ ಹಗಲಿರುಳೆನ್ನದೆ ನಡೆಯುತ್ತಾನೆ. ‘ಇಷ್ಟು ದೂರವನ್ನು ನಾನು ಕ್ರಮಿಸುವೆನು, ನೀವು ಯಥಾಶಕ್ತಿ ಈ ರೋಗಿಗಳಿಗೆ ನೆರವಾಗಿರಿ’ ಎಂದು ಬಂಧುಗಳನ್ನೂ ಸಹೋದ್ಯೋಗಿಗಳನ್ನೂ ನೆರೆಹೊರೆಯವರನ್ನೂ ಕೇಳಿಕೊಳ್ಳುತ್ತಾನೆ.

ಇದನ್ನು ಕೇಳಿದೊಡನೆ ವಿಚಾರವಂತನಾದ ಯಾವನ ಮನಸ್ಸಿನಲ್ಲಿಯೂ ಒಂದು ಪ್ರಶ್ನೆ ಏಳುವುದು ಸಹಜ. ಸೈಕಲಿನ ಗಾಲಿ ತಿರುಗಿದ ಮಾತ್ರಕ್ಕೆ ಯಾವ ರೋಗಿಯ ಜ್ವರವೂ ಇಳಿಯುವುದಿಲ್ಲ. ಕೊಡುವ ಮನಸ್ಸಿದ್ದವನು ಮನೆಯಲ್ಲಿ ಕುಳಿತೇ ಕೊಡಬಹುದು, ಕೇಳುವ ಧೈರ್ಯವಿದ್ದವನು ನಿಂತಲ್ಲಿಯೇ ನಿಂತು ಕೇಳಬಹುದು. ಹೀಗಿರಲು ಆ ಶ್ರಮಕ್ಕೂ ಈ ದಾನಕ್ಕೂ ಇರುವ ಕಾರ್ಯಕಾರಣ ಸಂಬಂಧವಾದರೂ ಯಾವುದು? ಲಘುವೆಂದು ತಳ್ಳಿಹಾಕಬಹುದಾದ ಪ್ರಶ್ನೆ ಇದಲ್ಲ. ಇದರ ಉತ್ತರವನ್ನು ಬರಿಯ ತರ್ಕದಲ್ಲಿ ಅರಸುವುದಕ್ಕಿಂತ, ಇಂತಹ ಸವಾರಿಗಳಲ್ಲಿ ಅತ್ಯಂತ ಹೆಚ್ಚಿನ ಫಲವನ್ನು ಕೊಟ್ಟಿರುವ ಒಂದರ ವೃತ್ತಾಂತದಲ್ಲಿ ಅರಸುವುದು ಲೇಸು.

ಅಮೆರಿಕದ ಈಶಾನ್ಯ ಭಾಗದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಿಲ್ಲಿ ಸ್ಟಾರ್ ಎಂಬ ತರುಣನಿದ್ದನು. 1974ರಲ್ಲಿ ಆತನ ತಾಯಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ತುತ್ತಾಗಿ ತನ್ನ 49ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಶೋಕವನ್ನು ಎದೆಯೊಳಗೇ ಅದುಮಿಟ್ಟುಕೊಂಡು, ದೈಹಿಕ ಸಾಹಸಗಳಲ್ಲಿ ಅದನ್ನು ಸವೆಸಲು ಯತ್ನಿಸುತ್ತಿದ್ದ ಆತನು, 1980ರಲ್ಲಿ ಒಟ್ಟು ಮೂವತ್ತಾರು ಮಂದಿಯ ತಂಡವೊಂದನ್ನು ಕೂಡಿಸಿ, ರಾಜ್ಯದ ಒಳನಾಡಿನ ಸ್ಪ್ರಿಂಗ್‌ಫೀಲ್ಡ್ ನಗರದಿಂದ ಹೊರಟು, ಅಟ್ಲಾಂಟಿಕ್ ಸಾಗರದೊಳಕ್ಕೆ ಬಾಗಿದ ತೋಳಿನಂತೆ ಚಾಚಿಕೊಂಡಿರುವ ಕೇಪ್ ಕಾಡ್ ಭೂಶಿರದ ತುತ್ತತುದಿಯ ಪ್ರಾವಿನ್ಸ್‌ಟೌನ್ ಎಂಬ ಊರಿಗೆ ಎರಡು ದಿನಗಳಲ್ಲಿ ಸೈಕಲ್ ತುಳಿದು ಸೇರಿದನು. ಆ ಸಲ ಕೂಡಿಬಂದ ಹಣ 10,200 ಡಾಲರ್. ‘ಪ್ಯಾನ್-ಮ್ಯಾಸ್ ಚಾಲೆಂಜ್’ ಎಂಬ ಹೆಸರಿನಿಂದ ಅಂದು ಮೊದಲಾದ ಸವಾರಿ ಪ್ರತಿ ವರ್ಷ ಆಗಸ್ಟ್ ತಿಂಗಳ ಮೊದಲ ವಾರಾಂತ್ಯದಲ್ಲಿ ಮುಂದುವರಿಯುತ್ತ ಬಂದು, ಇಂದು ಆರು ಸಾವಿರಕ್ಕೂ ಮಿಗಿಲಾದ ಸವಾರರನ್ನೂ ಮೂರು ಸಾವಿರದಷ್ಟು ಸ್ವಯಂಸೇವಕರನ್ನೂ ಒಳಗೊಂಡಿದೆ. 2024ನೆಯ ಇಸವಿಯೊಂದರಲ್ಲಿಯೇ ಏಳೂವರೆ ಕೋಟಿ ಡಾಲರ್ ಸಂಗ್ರಹವಾಗಿ, ಆರಂಭದಿಂದ ಕೂಡಿದ ಮೊತ್ತವು ನೂರು ಕೋಟಿ ಡಾಲರನ್ನು ದಾಟಿತು. ಆ ಹಣ ಸಲ್ಲುವುದು ಬಾಸ್ಟನ್ ನಗರದ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ, ಅದಕ್ಕಾಗಿಯೇ ಏರ್ಪಟ್ಟಿರುವ ‘ಜಿಮ್ಮಿ ಫಂಡ್’ ಎಂಬ ನಿಧಿಯ ಮೂಲಕ.

ಈ ಜಿಮ್ಮಿ ಯಾರೆಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಏಕೆಂದರೆ ಆ ಕಥೆಯೊಳಗೆ ನಮ್ಮ ದೇಶದ ಮೂರು ಊರುಗಳೂ ನಮ್ಮವನೇ ಆದ ಒಬ್ಬ ಮಹಾನುಭಾವನೂ ಬರುತ್ತಾರೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಪೀಡಿಸುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಕಾರಣವನ್ನು ಶೋಧಿಸತೊಡಗಿದಳು. ಯೀಸ್ಟಿನ ಸಾರವನ್ನು ಕೊಟ್ಟರೆ ಆ ರೋಗ ಗುಣವಾಗುವುದೆಂದು ಆಕೆ ಕಂಡುಕೊಂಡಳು. ಆ ಸಾರದೊಳಗಿದ್ದ ಗುಣಕಾರಿ ದ್ರವ್ಯವೇ ಮುಂದೆ ಫೋಲಿಕ್ ಆಮ್ಲವೆಂದು ಪ್ರಸಿದ್ಧವಾಯಿತು. ಇತ್ತ ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಎಂಬ ವೈದ್ಯನು, ಕಾಕಿನಾಡದ ಒಂದು ಧರ್ಮನಿಧಿಯು ಕೊಟ್ಟ ನೆರವಿನ ಭರವಸೆಯನ್ನೂ ಮಾವನವರು ಕೂಡಿಸಿಕೊಟ್ಟ ಹಣವನ್ನೂ ನಂಬಿಕೊಂಡು 1923ರಲ್ಲಿ ಬಾಸ್ಟನ್ನಿಗೆ ಹೋಗಿ ಇಳಿದು, ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಆಳಾಗಿ ದುಡಿಯುತ್ತ ಹಾರ್ವರ್ಡಿನಲ್ಲಿ ವಿದ್ಯೆಯನ್ನು ಮುಂದುವರಿಸಿದನು. ಕಾಲಾನಂತರ ಲೆಡರ್ಲೆ ಔಷಧ ಸಂಸ್ಥೆಯ ಸಂಶೋಧನೆಯ ಮುಖ್ಯಸ್ಥನಾದಾಗ, ಆತನ ಮೇಲ್ವಿಚಾರಣೆಯ ತಂಡವು ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತಲ್ಲದೆ, ಅದಕ್ಕೆ ತದ್ವಿರುದ್ಧವಾಗಿ ವರ್ತಿಸುವ ಅಮೈನಾಪ್ಟೆರಿನ್ ಮೊದಲಾದ ರಾಸಾಯನಿಕಗಳನ್ನೂ ಸಿದ್ಧಪಡಿಸಿತು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾಕ್ಟರ್ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ಫೋಲಿಕ್ ಆಮ್ಲದ ವರ್ಗದ ಔಷಧವನ್ನು ಕೊಟ್ಟು ನೋಡಿದಾಗ ರೋಗವು ಇಳಿಯುವ ಬದಲು ಉಲ್ಬಣಿಸಿತು. ಆ ದುಃಖಕರ ಅನುಭವದಿಂದಲೇ ಆತನಿಗೆ ಮಾರ್ಗ ಹೊಳೆಯಿತು: ಯಾವುದು ರೋಗವನ್ನು ಪೋಷಿಸುತ್ತದೆಯೋ ಅದನ್ನು ತಡೆಯುವ ವಸ್ತುವನ್ನು ಕೊಟ್ಟರೆ ರೋಗ ಹಿಮ್ಮೆಟ್ಟಬೇಕಲ್ಲವೇ? ಸುಬ್ಬರಾಯರ ತಂಡವು ಕಳುಹಿಸಿಕೊಟ್ಟ ಅಮೈನಾಪ್ಟೆರಿನ್ನನ್ನು 1947ರ ಕೊನೆಯ ಭಾಗದಿಂದ ಮಕ್ಕಳಿಗೆ ಕೊಡಲಾಗಿ, ತೀವ್ರಾವಸ್ಥೆಯ ಹದಿನಾರು ಮಕ್ಕಳ ಪೈಕಿ ಹತ್ತು ಮಂದಿಯಲ್ಲಿ ರೋಗವು ತಾತ್ಕಾಲಿಕವಾಗಿಯಾದರೂ ಹಿಂಜರಿಯಿತೆಂಬ ವಿಷಯ 1948ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಅಂದಿನವರೆಗೆ ಮಕ್ಕಳ ಪಾಲಿಗೆ ಕೆಲವೇ ವಾರಗಳ ಮರಣಶಾಸನವಾಗಿದ್ದ ಆ ವ್ಯಾಧಿಯ ಅತ್ಯಂತ ಸಾಮಾನ್ಯ ಪ್ರಭೇದದಿಂದ ಇಂದು ಸುಸಜ್ಜಿತ ಆಸ್ಪತ್ರೆಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕಿ ಉಳಿಯುತ್ತಿದ್ದಾರೆಂದರೆ, ಅದರ ಮೊದಲ ಮೆಟ್ಟಿಲು ಅಲ್ಲಿದೆ. ಸುಬ್ಬರಾಯರು ಮಾತ್ರ ಅದೇ 1948ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಹೆಸರನ್ನು ನಮ್ಮ ಶಾಲೆಯ ಪುಸ್ತಕಗಳು ಇನ್ನೂ ಸರಿಯಾಗಿ ಎತ್ತಿಕೊಂಡಿಲ್ಲವೆಂಬುದು ನನಗೆ ನಿಜವಾಗಿಯೂ ವ್ಯಥೆಯ ವಿಷಯ.

ಸಂಶೋಧನೆಗೆ ಹಣ ಬೇಕು. ಫಾರ್ಬರ್ ಜನರ ಮುಂದೆ ಕೈಯೊಡ್ಡಲು ನಾಚಲಿಲ್ಲ. 1948ರ ಮೇ 22ರ ರಾತ್ರಿ, ಅಮೆರಿಕದಾದ್ಯಂತ ಕೇಳಿಬರುತ್ತಿದ್ದ ಜನಪ್ರಿಯ ರೇಡಿಯೋ ಕಾರ್ಯಕ್ರಮವೊಂದು ಆತನ ರೋಗಿಯಾಗಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನ ಹಾಸಿಗೆಯ ಬಳಿಯಿಂದ ಪ್ರಸಾರವಾಯಿತು. ಹುಡುಗನ ನಿಜವಾದ ಹೆಸರು ಐನಾರ್ ಗುಸ್ಟಾಫ್‌ಸನ್. ಆತನ ಗುರುತು ಬಯಲಾಗದಿರಲೆಂದು ‘ಜಿಮ್ಮಿ’ ಎಂದು ಕರೆದರು. ಬಾಸ್ಟನ್ ಬ್ರೇವ್ಸ್ ಎಂಬ ಬೇಸ್‌ಬಾಲ್ ತಂಡದ ಆಟಗಾರರು ಒಬ್ಬೊಬ್ಬರಾಗಿ ಆ ಕೋಣೆಯೊಳಕ್ಕೆ ಬಂದರು. ಹುಡುಗನು ತನ್ನ ಆರಾಧ್ಯ ವೀರರನ್ನು ಕಂಡು ಹಿಗ್ಗಿ ಮಾತನಾಡಿದ ಧ್ವನಿ ಮನೆಮನೆಯ ರೇಡಿಯೋದಲ್ಲಿ ಕೇಳಿತು. ಆತನು ಆಟಗಳನ್ನು ನೋಡುವಂತಾಗಲು ಒಂದು ಟೆಲಿವಿಷನ್ ಯಂತ್ರ ಬೇಕೆಂದು, ಅದಕ್ಕಾಗಿ ಮತ್ತು ಸಂಶೋಧನೆಗಾಗಿ ಹಣ ಕಳುಹಿಸಿರೆಂದು ಕಾರ್ಯಕ್ರಮದವರು ಬೇಡಿಕೊಂಡಾಗ, 2,31,000 ಡಾಲರುಗಳಿಗೂ ಮಿಗಿಲಾಗಿ ಹರಿದುಬಂತು. ಹುಡುಗನು ಬದುಕಲಾರನೆಂದೇ ಬಹುಜನ ಭಾವಿಸಿದ್ದರು. ಆದರೆ ಅವನು ಬದುಕಿದನು. ಮೇನ್ ರಾಜ್ಯದ ತನ್ನ ಊರಿಗೆ ಮರಳಿ, ಬೆಳೆದು, ಟ್ರಕ್ ಚಾಲಕನಾಗಿ ಸಂಸಾರ ನಡೆಸಿ, ಸರಿಯಾಗಿ ಐವತ್ತು ವರ್ಷಗಳ ಅನಂತರ 1998ರಲ್ಲಿ ‘ಆ ಜಿಮ್ಮಿ ನಾನೇ’ ಎಂದು ಜನರ ಮುಂದೆ ಬಂದು ನಿಂತನು. 2001ರಲ್ಲಿ 65ನೆಯ ವಯಸ್ಸಿನಲ್ಲಿ ಆತನು ಕಾಲವಾದನು.

ಕಾಕಿನಾಡದ ಧರ್ಮನಿಧಿಯ ನೆರವಿನ ಮಾತು ಹಡಗೇರಿಸಿದ ಒಬ್ಬನ ಪ್ರಯೋಗಾಲಯದಿಂದ ಬಂದ ಔಷಧವೂ, ಅಪರಿಚಿತ ಕೇಳುಗರು ಕಳುಹಿಸಿದ ಬಿಡಿನಾಣ್ಯಗಳೂ ಸೇರಿ ಕಟ್ಟಿದ ಸಂಸ್ಥೆಗಾಗಿ ಇಂದು ಜನರು ಸೈಕಲ್ ತುಳಿಯುತ್ತಿದ್ದಾರೆ. ದಾನವು ಎಲ್ಲಿ ಬಿದ್ದು ಎಲ್ಲಿ ಮೊಳೆಯುವುದೆಂಬುದನ್ನು ಕೊಡುವ ಕೈ ಅರಿಯಲಾರದು.

ಇನ್ನು ಸವಾರಿಯ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಂದು ಅದರ ಮುಖ್ಯ ಮಾರ್ಗವು ಸ್ಟರ್‌ಬ್ರಿಜ್ ಎಂಬ ಚಿಕ್ಕ ಊರಿನಿಂದ ಮೊದಲಾಗಿ, ಎರಡು ದಿನಗಳಲ್ಲಿ ಸುಮಾರು ಮುನ್ನೂರು ಕಿಲೋಮೀಟರ್ ಕ್ರಮಿಸಿ, ಪ್ರಾವಿನ್ಸ್‌ಟೌನಿನಲ್ಲಿ ಮುಗಿಯುತ್ತದೆ. ಮೊದಲ ದಿನದ ಪಾಲೇ ನೂರೆಪ್ಪತ್ತು ಕಿಲೋಮೀಟರಿಗೂ ಮಿಗಿಲು. ಬೆಳಕು ಇನ್ನೂ ಸರಿಯಾಗಿ ಮೂಡದ ಮುಂಜಾವದಲ್ಲಿ, ಒಂದೇ ಬಣ್ಣದ ಜರ್ಸಿ ತೊಟ್ಟ ಸಾಲುಸಾಲು ಸವಾರರು ಗಾಲಿಗಳಿಗೆ ಗಾಳಿ ಒತ್ತಿಕೊಂಡು, ಬಾಟಲಿಗಳಿಗೆ ನೀರು ತುಂಬಿಕೊಂಡು, ಒಂದು ಕಾಲನ್ನು ಪೆಡಲಿನ ಮೇಲೂ ಇನ್ನೊಂದನ್ನು ನೆಲದ ಮೇಲೂ ಊರಿ ನಿಂತಿರುತ್ತಾರೆ. ಅವರಲ್ಲಿ ಇಪ್ಪತ್ತರ ತರುಣಿಯರುಂಟು, ಎಪ್ಪತ್ತು ದಾಟಿದ ಅಜ್ಜಂದಿರುಂಟು. ಹಲವರ ಬೆನ್ನಿನ ಮೇಲೆ ಪಿನ್ನು ಚುಚ್ಚಿ ಅಂಟಿಸಿದ ಒಂದು ಭಾವಚಿತ್ರ. ಕೆಲವರ ಮೀನಖಂಡದ ಮೇಲೆ ಶಾಯಿಯಿಂದ ಬರೆದ ಹೆಸರುಗಳು. ಅವು ತಾಯಿಯ ಹೆಸರು, ತಮ್ಮನ ಹೆಸರು, ಕಳೆದ ವರ್ಷ ಜೊತೆಯಲ್ಲಿಯೇ ಸೈಕಲ್ ತುಳಿದು ಈ ವರ್ಷ ಇಲ್ಲವಾದ ಗೆಳೆಯನ ಹೆಸರು. ಹಿಂದಿನಿಂದ ಬರುವ ಸವಾರನು ಬಹುದೂರ ಆ ಹೆಸರನ್ನೇ ನೋಡುತ್ತ ತುಳಿಯಬೇಕಾಗುತ್ತದೆ.

ಗುಂಪಿನಲ್ಲಿ ಸೈಕಲ್ ತುಳಿಯುವುದಕ್ಕೆ ತನ್ನದೇ ಆದ ಒಂದು ಶಿಸ್ತು ಉಂಟು. ಅದನ್ನು ಬಲ್ಲವರಿಗೆ ಈ ಕಾರ್ಯದ ಮರ್ಮ ಬೇಗನೆ ತಿಳಿಯುತ್ತದೆ. ವೇಗವಾಗಿ ಹೋಗುವ ಸವಾರನಿಗೆ ದೊಡ್ಡ ಶತ್ರು ರಸ್ತೆಯಲ್ಲ, ಗಾಳಿ. ಮುಂದಿನವನು ಗಾಳಿಯನ್ನು ಸೀಳಿಕೊಂಡು ಹೋದರೆ ಅವನ ಗಾಲಿಯ ಬೆನ್ನಿಗೇ ತನ್ನ ಗಾಲಿಯನ್ನಿಟ್ಟುಕೊಂಡು ಬರುವವನಿಗೆ ಶ್ರಮವು ಕಾಲು ಭಾಗಕ್ಕೂ ಹೆಚ್ಚಾಗಿ ಉಳಿಯುತ್ತದೆ. ಆದುದರಿಂದ ಸರದಿಯ ಪ್ರಕಾರ ಒಬ್ಬೊಬ್ಬರೂ ಕೆಲವು ನಿಮಿಷ ಮುಂದೆ ನಿಂತು ಗಾಳಿಯ ಪೆಟ್ಟನ್ನು ತಿಂದು, ಮೊಣಕೈ ಅಲುಗಿಸಿ ಸನ್ನೆ ಮಾಡಿ, ಪಕ್ಕಕ್ಕೆ ಸರಿದು ಸಾಲಿನ ಹಿಂಭಾಗಕ್ಕೆ ಸೇರಿಕೊಳ್ಳುತ್ತಾರೆ. ರಸ್ತೆಯಲ್ಲಿ ಗುಂಡಿ ಕಂಡವನು ಬೆರಳು ಕೆಳಗೆ ತೋರಿಸಿ ಕೂಗುತ್ತಾನೆ. ಆ ಕೂಗು ಬಾಯಿಂದ ಬಾಯಿಗೆ ಸಾಲಿನ ಕೊನೆಯವರೆಗೆ ಹೋಗುತ್ತದೆ. ಹಿಂದಿನವನಿಗೆ ಮುಂದಿನ ರಸ್ತೆ ಕಾಣಿಸದು, ಅವನು ಕಾಣುವುದೆಲ್ಲ ಮುಂದಿನವನ ಬೆನ್ನು. ತಿಳಿಸುವ ಹೊಣೆ ಸಂಪೂರ್ಣವಾಗಿ ಕಂಡವನದು. ಈ ಹೊಣೆಯನ್ನು ಮರೆತವನೊಬ್ಬನಿದ್ದರೆ ಹತ್ತು ಮಂದಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಮಾರ್ಗಮಧ್ಯದ ನೀರಿನ ತಾಣಗಳಲ್ಲಿ ಬಾಳೆಹಣ್ಣು, ಕಿತ್ತಳೆಯ ಹೋಳು, ಕಡಲೆಕಾಯಿ ಬೆಣ್ಣೆ ಸವರಿದ ಬ್ರೆಡ್ಡು ಹಂಚುತ್ತ ಸ್ವಯಂಸೇವಕರು ನಿಂತಿರುತ್ತಾರೆ. ಸವಾರರ ತಂಡಗಳು ಒಂದೊಂದು ರೋಗಿ ಮಗುವನ್ನು ತಮ್ಮ ‘ಪೆಡಲ್ ಪಾರ್ಟ್‌ನರ್’ ಎಂದು ಸ್ವೀಕರಿಸುವ ಪದ್ಧತಿಯಿರುವುದರಿಂದ, ಆ ಮಕ್ಕಳೂ ತಂದೆತಾಯಿಗಳ ಕೈಹಿಡಿದು ದಾರಿಯ ತಾಣದಲ್ಲಿ ಕಾದಿರುತ್ತಾರೆ. ಚಿಕಿತ್ಸೆಯಿಂದ ಕೂದಲುದುರಿದ ತಲೆಗೆ ಟೋಪಿ ಹಾಕಿಕೊಂಡ ಮಗುವೊಂದು ತನ್ನ ತಂಡದವರು ಬಂದರೆಂದು ಗಂಟೆ ಬಾರಿಸುವುದನ್ನು ಕಂಡ ಮೇಲೆ, ಕಾಲಿನ ನೋವು ಎಂಬ ಮಾತನ್ನು ಯಾವ ಸವಾರನೂ ಆಡನು. ಸಂಜೆ ಬೋರ್ನ್ ಎಂಬಲ್ಲಿನ ನೌಕಾ ವಿದ್ಯಾಲಯದ ಆವರಣದಲ್ಲಿ ತಂಗುವಾಗ, ಕ್ಯಾನ್ಸರಿನಿಂದ ಪಾರಾಗಿ, ಅಥವಾ ಇನ್ನೂ ಚಿಕಿತ್ಸೆಯಲ್ಲಿದ್ದುಕೊಂಡೇ, ಸೈಕಲ್ ತುಳಿದು ಬಂದವರೆಲ್ಲ ಒಟ್ಟಿಗೆ ನೆರೆಯುತ್ತಾರೆ. ‘ಲಿವಿಂಗ್ ಪ್ರೂಫ್’, ಎಂದರೆ ಜೀವಂತ ಸಾಕ್ಷಿಗಳು, ಎಂಬ ಹೆಸರು ಅವರಿಗೆ. ಎರಡನೆಯ ದಿನ ಭೂಶಿರದ ಕೊನೆಯ ಹರಹಿನಲ್ಲಿ ಮರಳದಿಬ್ಬಗಳ ನಡುವಿನ ಏರಿಳಿತದ ಹೆದ್ದಾರಿಯಲ್ಲಿ ಸಾಗರದ ಎದುರುಗಾಳಿ ಮುಖಕ್ಕೆ ಹೊಡೆಯುವಾಗ, ಸಾಲು ಹಿಡಿಯುವ ಶಿಸ್ತು ಅತ್ಯಾವಶ್ಯಕವಾಗುತ್ತದೆ.

ಇಷ್ಟಾದರೂ ನನ್ನ ಗಮನವನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ಸಂಗತಿ ರಸ್ತೆಯ ಮೇಲಿನದಲ್ಲ, ಕರಾರಿನ ಕಾಗದದ ಮೇಲಿನದು. ಈ ಸವಾರಿಗೆ ಹೆಸರು ಕೊಡುವವನು ತಾನು ಆರಿಸಿಕೊಂಡ ಮಾರ್ಗಕ್ಕೆ ನಿಗದಿಯಾದ ಕನಿಷ್ಠ ಮೊತ್ತವನ್ನು ಸಂಗ್ರಹಿಸುವೆನೆಂದು ಮೊದಲೇ ಒಪ್ಪಿಕೊಳ್ಳಬೇಕು. ದೀರ್ಘ ಮಾರ್ಗಗಳಿಗೆ ಅದು ಹಲವು ಸಾವಿರ ಡಾಲರುಗಳು. ಗಡುವಿನೊಳಗೆ ಜನರಿಂದ ಅಷ್ಟು ಬಾರದಿದ್ದರೆ ಉಳಿದುದನ್ನು ಆತನ ಸ್ವಂತ ಕಾರ್ಡಿನಿಂದಲೇ ವಸೂಲು ಮಾಡುತ್ತಾರೆ. ಸವಾರರು ಸಂಗ್ರಹಿಸಿದ ಹಣದಲ್ಲಿ ನೂರಕ್ಕೆ ನೂರು ಪಾಲೂ ಆಸ್ಪತ್ರೆಗೇ ಸಲ್ಲುತ್ತದೆ. ಊಟ, ವಸತಿ, ರಸ್ತೆಯ ಏರ್ಪಾಡುಗಳ ವೆಚ್ಚವು ನೋಂದಣಿ ಶುಲ್ಕ ಹಾಗೂ ಪ್ರಾಯೋಜಕರಿಂದ ಬರುತ್ತದೆ. ಆದ್ದರಿಂದ ಅಲ್ಲಿ ಬೇಡುವವನು ಮೊದಲು ತಾನು ಸಾಲಗಾರನಾಗುತ್ತಾನೆ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಯುಗಾದಿಯ ಮುನ್ನ ನಮ್ಮ ಉತ್ತರ ಕರ್ನಾಟಕದ ಭಕ್ತರು ಬರಿಗಾಲಿನಲ್ಲಿ ಶ್ರೀಶೈಲಕ್ಕೆ ನಡೆದುಕೊಂಡು ಹೋಗುತ್ತಾರಷ್ಟೆ. ಬಸ್ಸಿನಲ್ಲಿ ಹೋದರೂ ಮಲ್ಲಯ್ಯನು ದರ್ಶನ ಕೊಡುತ್ತಾನೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದರೆ ದಾರಿಯ ಹಳ್ಳಿಗಳವರು ಆ ಪಾದಯಾತ್ರಿಕರನ್ನು ಕಂಡು ಮನೆಯಿಂದ ಹೊರಬಂದು ಅಂಬಲಿ, ಮಜ್ಜಿಗೆ, ರೊಟ್ಟಿ ಕೊಟ್ಟು, ಕಾಲಿಗೆ ಎಣ್ಣೆ ಸವರಿ ಕಳುಹಿಸುತ್ತಾರೆ. ಬಸ್ಸಿನವರಿಗೆ ಹಾಗೆ ಯಾರೂ ಕೊಡುವುದಿಲ್ಲ. ನಡೆಯುವವನ ಕಷ್ಟವು ನೋಡುವವನೊಳಗಿನ ಔದಾರ್ಯವನ್ನು ಕರೆದು ಎಬ್ಬಿಸುತ್ತದೆ. ಸೈಕಲ್ ಸವಾರನ ಬೆವರು ಮಾಡುವ ಕೆಲಸವೂ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ರೋಗದ ವಿಷಯದಲ್ಲಿ ಉಪನ್ಯಾಸ ಕೊಟ್ಟರೆ ನೂರರಲ್ಲಿ ನಾಲ್ವರು ಕೊಟ್ಟಾರು. ದಿನವೂ ಆಫೀಸಿನಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳುವವನು ಆರು ತಿಂಗಳಿಂದ ಮುಂಜಾನೆ ಎದ್ದು ಅಭ್ಯಾಸ ಮಾಡುತ್ತಿರುವುದನ್ನು ಕಣ್ಣಾರೆ ಕಂಡವರು, ಅವನು ಕೇಳಿದಾಗ ಇಲ್ಲವೆನ್ನಲಾರರು. ಕೇಳುವವನಿಗೂ ಸಂಕೋಚದ ಭಾರ ಕಡಿಮೆಯಾಗುತ್ತದೆ, ಏಕೆಂದರೆ ತನ್ನ ಪಾಲನ್ನು ಅವನು ಆಗಲೇ ಸಲ್ಲಿಸಿದ್ದಾನೆ.

ಪ್ಯಾನ್-ಮ್ಯಾಸ್ ಸವಾರಿ ಮೊದಲಾದ 1980ನೆಯ ಇಸವಿಯಲ್ಲಿಯೇ ಕೆನಡಾ ದೇಶದಲ್ಲಿ ಟೆರ್ರಿ ಫಾಕ್ಸ್ ಎಂಬ ತರುಣನು, ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡಿದ್ದರೂ ಕೃತಕ ಕಾಲನ್ನು ಕಟ್ಟಿಕೊಂಡು, ಏಪ್ರಿಲ್ 12ರಂದು ಪೂರ್ವದ ಕಡಲತೀರದ ಸೇಂಟ್ ಜಾನ್ಸ್ ನಗರದಿಂದ ಓಡಲು ಹೊರಟನು. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ, ರೋಗವು ಶ್ವಾಸಕೋಶಕ್ಕೆ ಹರಡಿ, ಥಂಡರ್ ಬೇ ಎಂಬ ಊರಿನ ಸಮೀಪದಲ್ಲಿ ನಿಲ್ಲಬೇಕಾಯಿತು. ಪ್ರತಿಯೊಬ್ಬ ಕೆನಡಾ ಪ್ರಜೆಯಿಂದ ಒಂದೊಂದು ಡಾಲರ್ ಬರಬೇಕೆಂಬುದು ಆತನ ಅಭೀಷ್ಟವಾಗಿತ್ತು. 1981ರ ಫೆಬ್ರವರಿಯಲ್ಲಿ ಸಂಗ್ರಹವು ಎರಡು ಕೋಟಿ ನಲವತ್ತೊಂದು ಲಕ್ಷ ಡಾಲರನ್ನು ದಾಟಿ, ಆ ದೇಶದ ಅಂದಿನ ಜನಸಂಖ್ಯೆಗೆ ಸಮನಾಯಿತು. ಅದೇ ವರ್ಷದ ಜೂನ್ 28ರಂದು ಆತನು ತೀರಿಕೊಂಡನು. ಆಗ ಅವನಿಗೆ ವಯಸ್ಸು 22.

ಆದರೆ ಶುದ್ಧವಾದ ಬೆವರಿಗೂ ಶುದ್ಧವಾದ ಲೆಕ್ಕದ ಆಸರೆ ಬೇಕೆಂಬುದನ್ನು ಅಮೆರಿಕದ ಪಶ್ಚಿಮ ತೀರದ ಒಂದು ಉದಾಹರಣೆ ತೋರಿಸುತ್ತದೆ. ಡ್ಯಾನ್ ಪಲ್ಲೊಟ್ಟ ಎಂಬಾತನು 1994ರಲ್ಲಿ ಏಡ್ಸ್ ರೋಗಿಗಳಿಗಾಗಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲಿಸ್ಸಿಗೆ ಏಳು ದಿನಗಳ ಸೈಕಲ್ ಸವಾರಿಯನ್ನು ಏರ್ಪಡಿಸಿದನು. ಸಮಾಜವು ರೋಗಿಗಳ ಹೆಸರೆತ್ತಲು ಅಂಜುತ್ತಿದ್ದ ಕಾಲದಲ್ಲಿ ಅದು ಮಹತ್ತರವಾದ ಕಾರ್ಯವೇ ಸರಿ. ಕ್ರಮೇಣ ಸವಾರಿಗಳು ಬೇರೆ ನಗರಗಳಿಗೂ ಹಬ್ಬಿದಂತೆ, ಪ್ರಚಾರಕ್ಕೂ ವ್ಯವಸ್ಥೆಗೂ ತಗಲುವ ವೆಚ್ಚವು ಮಿತಿಮೀರಿತೆಂಬ ಆಕ್ಷೇಪವೆದ್ದು, ಫಲಾನುಭವಿ ಸಂಸ್ಥೆಗಳು ಬೇರೆಯಾಗಿ, 2002ರಲ್ಲಿ ತಮ್ಮದೇ ಸವಾರಿಯನ್ನು ಆರಂಭಿಸಿದವು. ಪಲ್ಲೊಟ್ಟನ ಸಂಸ್ಥೆ ಅದೇ ವರ್ಷ ಮುಚ್ಚಿತು. ವೆಚ್ಚವಿಲ್ಲದೆ ಸಂಗ್ರಹ ಬೆಳೆಯಲಾರದೆಂದು ಆತನು ಮುಂದೆ ಗ್ರಂಥವನ್ನೇ ಬರೆದು ವಾದಿಸಿದನು. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ದಾನಿಗೆ ತನ್ನ ಹಣದ ಎಷ್ಟು ಪಾಲು ರೋಗಿಯನ್ನು ಮುಟ್ಟಿತೆಂದು ಕೇಳುವ ಹಕ್ಕಿದೆ, ಕೇಳದಿದ್ದರೂ ಹೇಳುವ ಕರ್ತವ್ಯ ಸಂಘಟಕನದು. ಸಂಸ್ಥೆಗಳು ಕೈಗೆತ್ತಿಕೊಂಡ ಆ ಸವಾರಿ 2025ರ ಜೂನ್ ತಿಂಗಳವರೆಗೂ ನಡೆದು ಮುಕ್ತಾಯವಾಯಿತು.

ನಮ್ಮಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. ಹಾಂಗ್‌ಕಾಂಗಿನಲ್ಲಿ 1981ರಲ್ಲಿ ಗೂರ್ಖಾ ಸೈನಿಕರ ತಾಲೀಮಾಗಿ ಹುಟ್ಟಿ, ಅನಂತರ ಆಕ್ಸ್‌ಫ್ಯಾಮ್ ಸಂಸ್ಥೆಯ ದ್ರವ್ಯಸಂಗ್ರಹದ ಸಾಧನವಾದ ‘ಟ್ರೇಲ್‌ವಾಕರ್’ ನಡಿಗೆಯು 2012ರಲ್ಲಿ ಬೆಂಗಳೂರಿಗೆ ಬಂತು. ನಾಲ್ವರ ತಂಡವು 48 ಗಂಟೆಗಳೊಳಗೆ ನೂರು ಕಿಲೋಮೀಟರ್ ಕಾಡುಹಾದಿಯನ್ನು ನಡೆದು, ನಾಲ್ವರೂ ಜೊತೆಯಾಗಿಯೇ ಮುಗಿಸಬೇಕೆಂಬುದು ಅದರ ಕ್ರಮ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿಯೂ ಅನೇಕರು ಸೇವಾಸಂಸ್ಥೆಗಳಿಗಾಗಿ ಹಣ ಕೂಡಿಸಿ ಓಡುತ್ತಾರೆ. ಆದರೆ ಒಂದು ಆಸ್ಪತ್ರೆ, ಅದರ ಹೆಸರಿನಲ್ಲಿ ಒಂದು ಸವಾರಿ, ವರ್ಷವರ್ಷವೂ ಬಿಡದೆ ನಡೆಯುವ ಒಂದು ನಿಷ್ಠೆ ಎಂಬುದು ನಮ್ಮಲ್ಲಿ ಇನ್ನೂ ಬೇರುಬಿಡಬೇಕಾಗಿದೆ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಿಂದ ಕ್ಯಾನ್ಸರ್ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದೆ. ಬೀದರ, ಕಲಬುರಗಿ, ರಾಯಚೂರುಗಳಿಂದ ರಾತ್ರಿಯ ರೈಲು ಹತ್ತಿ, ಕೈಯಲ್ಲಿ ರಿಪೋರ್ಟುಗಳ ಚೀಲ ಹಿಡಿದು ರೋಗಿ ಮಕ್ಕಳೊಡನೆ ಅಲ್ಲಿಗೆ ಬರುವ ಕುಟುಂಬಗಳಿಗೆ ಔಷಧದ ವೆಚ್ಚಕ್ಕಿಂತಲೂ ತಿಂಗಳುಗಟ್ಟಲೆ ನಗರದಲ್ಲಿ ಉಳಿಯುವ ಖರ್ಚು, ಬಿಟ್ಟುಬಂದ ಕೂಲಿ, ಜೊತೆಗೆ ಬಂದವರ ಊಟ ಇವೇ ಭಾರವಾಗಿ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳುವವರುಂಟು. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ಮಗು ಬದುಕದು. ಪ್ರತಿ ಭಾನುವಾರ ಮುಂಜಾನೆ ನಂದಿಬೆಟ್ಟದ ಕಡೆಗೆ ಸಾಲುಗಟ್ಟಿ ಸೈಕಲ್ ತುಳಿಯುವ ಬೆಂಗಳೂರಿನ ತರುಣ ತರುಣಿಯರೇ, ಚಾಮುಂಡಿಬೆಟ್ಟವನ್ನೇರುವ ಮೈಸೂರಿನ ಗೆಳೆಯರೇ, ವರ್ಷದಲ್ಲಿ ಒಂದು ಭಾನುವಾರವನ್ನು ಆ ಮಕ್ಕಳಿಗಾಗಿ ಮೀಸಲಿಡಿರಿ. ಎಷ್ಟು ಮಂದಿ ಸೇರಿದರೆಂದು ಎಣಿಸುತ್ತ ಕೂರಬೇಡಿರಿ. ಹೊರಡುವ ಮುನ್ನ ನಿಮ್ಮೂರಿನ ಕ್ಯಾನ್ಸರ್ ಆಸ್ಪತ್ರೆಯ ಅಧಿಕಾರಿಗಳನ್ನು ಕಂಡು ಯಾವ ಕಾರ್ಯಕ್ಕೆ ಹಣ ಬೇಕೆಂದು ಕೇಳಿ ತಿಳಿದುಕೊಳ್ಳಿರಿ. ಕೂಡಿಬಂದ ಹಣ ನೇರವಾಗಿ ಆಸ್ಪತ್ರೆಯ ಖಾತೆಗೇ ಸೇರುವಂತೆಯೂ, ಹತ್ತು ರೂಪಾಯಿ ಕೊಟ್ಟವನಿಗೂ ರಸೀದಿ ಸಿಗುವಂತೆಯೂ ಏರ್ಪಾಡು ಮಾಡಿರಿ. ಸವಾರಿ ಮುಗಿದ ತಿಂಗಳೊಳಗೆ ಲೆಕ್ಕವನ್ನು ಬಹಿರಂಗವಾಗಿ ಪ್ರಕಟಿಸಿರಿ.